ಹಾಲಿನ ಚೀಲದಲ್ಲಿ ಬಂದ ಚೀಟಿ

2020ರ ಯುಗಾದಿಯ ದಿನವೇ ಲಾಕ್‌ಡೌನ್ ಶುರುವಾಯಿತು. ವಾರ ಕಳೆದರೆ ರಾಮನವಮಿ. ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಪೆಂಡಾಲ್‌ನಲ್ಲಿ ಕೂತು ರಾಮನವಮಿಯ ಸಂಗೀತ ಕಛೇರಿ ಕೇಳದ ವರ್ಷವೇ ಅಮ್ಮನಿಗಿರಲಿಲ್ಲ. ಕಲಾವಿದರು ಮನೆಯಿಂದಲೇ ಫೇಸ್‌ಬುಕ್ ಲೈವ್‌ನಲ್ಲಿ ಹಾಡತೊಡಗಿದರು. ನಮ್ಮ ಡೇಟಾ ಮಾತ್ರ ಆಲಾಪನೆ ಮುಗಿಯುವುದರೊಳಗೆ ಖಾಲಿ.

ಒಂದು ಬೆಳಿಗ್ಗೆ ಬಾಗಿಲಿನ ಹಾಲಿನ ಚೀಲದಲ್ಲಿ ಚೀಟಿ ಸಿಕ್ಕಿತು. ವೈಫೈ ಪಾಸ್‌ವರ್ಡ್! ಜೊತೆಗೆ, ‘ಅಮ್ಮ ಸಂಗೀತ ಕೇಳಲಿ’ ಅಂತ ಒಂದು ಸಾಲು. ಕೆಳಗಿನ ಮನೆಯವರೇ, ಅದು ನೀವೇ ಅಲ್ವಾ?

ಬೇರೆ ಬೇರೆ ಮನೆಗಳಿಂದ ನುಡಿಸಿದರೆ ಇಂಟರ್ನೆಟ್‌ನಲ್ಲಿ ಸದ್ದು ತಡವಾಗಿ ತಲುಪಿ ತಾಳ ತಪ್ಪುತ್ತದೆ. ಹಾಗಾಗಿ ಎಷ್ಟೋ ಕಛೇರಿಗಳಲ್ಲಿ ಮೃದಂಗವೇ ಇರಲಿಲ್ಲ, ಬರೀ ತಂಬೂರಿ. ಅಮ್ಮ ತೊಡೆ ತಟ್ಟುತ್ತಾ ತಾಳ ಹಾಕುತ್ತಿದ್ದರು. ಬೇಸಿಗೆ ಪೂರ್ತಿ ಹಾಗೇ ಕಳೆಯಿತು.

ಆಮೇಲೆ ನೀವು ಮನೆ ಖಾಲಿ ಮಾಡಿದಿರಿ. ಹೆಸರೂ ಕೇಳಿರಲಿಲ್ಲ. ಅಮ್ಮನ ಪರವಾಗಿ, ತುಂಬಾ ತುಂಬಾ ಥ್ಯಾಂಕ್ಸ್.