ಅಡಿಕೆ ಬೆಳೆಯುವವರು ರೈತರಲ್ವಾ? ತೋಟದ ಸೀಮೆಯ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡ, ಚಿಕ್ಕಮಗಳೂರು, ಕೊಡಗು, ತುಮಕೂರು, ಹೀಗೆ ಅಡಿಕೆ, ತೆಂಗು, ಕಾಫಿ ಬೆಳೆಯುವ ಕಡೆಯಿಂದ ಗೆದ್ದು ಹೋದ ಎಲ್ಲರಿಗೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ಪಕ್ಷ ಯಾವುದಾದರೂ ಇರಲಿ. ಎಲೆಚುಕ್ಕಿ ರೋಗ ಬಂದರೆ ನೀವು ದೆಹಲಿಗೆ ಮನವಿ ಒಯ್ಯುತ್ತೀರಿ. 2023ರಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆ (ಇದಕ್ಕಿಂತ ಕಮ್ಮಿ ಬೆಲೆಗೆ ಹೊರದೇಶದಿಂದ ತರಿಸುವಂತಿಲ್ಲ) ಕೆಜಿಗೆ 251ರಿಂದ 351 ರೂಪಾಯಿಗೆ ಏರಿದಾಗ ನಮಗೂ ಖುಷಿಯಾಗಿತ್ತು. ನಿಮ್ಮ ಭಾಷಣದಲ್ಲಿ ನಾವು ಯಾವತ್ತೂ ಅಡಿಕೆ ಬೆಳೆವ ರೈತರು.

ಆದರೆ ಜನಗಣತಿಯ ಲೆಕ್ಕದಲ್ಲಿ ನಾವು ಸಾಗುವಳಿದಾರರೇ ಅಲ್ಲ. ಇದು ನಿಮಗೆ ಗೊತ್ತಿತ್ತಾ?

2011ರ ಜನಗಣತಿಯಲ್ಲಿ ಕೆಲಸ ಮಾಡುವವರನ್ನು ನಾಲ್ಕು ಗುಂಪು ಮಾಡಿದ್ದರು. ಸಾಗುವಳಿದಾರರು, ಕೃಷಿ ಕಾರ್ಮಿಕರು, ಗೃಹ ಕೈಗಾರಿಕೆಯವರು, ಮತ್ತೆ ಈ ಮೂರರಲ್ಲಿ ಎಲ್ಲೂ ಸೇರದ 'ಇತರೆ ಕೆಲಸಗಾರರು'. ಭತ್ತ, ರಾಗಿ, ಕಬ್ಬು, ಹತ್ತಿ, ಹೊಗೆಸೊಪ್ಪು, ಕಡಲೆಕಾಯಿ, ಹಣ್ಣು, ತರಕಾರಿ ಏನೇ ಬೆಳೆಯಿರಿ, ನೀವು ಸಾಗುವಳಿದಾರರು. ಟೀ, ಕಾಫಿ, ರಬ್ಬರ್, ತೆಂಗು, ಅಡಿಕೆ ಬೆಳೆದರೆ ಮಾತ್ರ ಅಲ್ಲ. ಈ ಐದು ಬೆಳೆಗಳನ್ನು ಪ್ಲಾಂಟೇಷನ್ ಅಂತ ಹೆಸರು ಹಿಡಿದೇ ಹೊರಗಿಟ್ಟಿದ್ದಾರೆ. 2001ರಲ್ಲೂ ಇದೇ ನಿಯಮ ಇತ್ತು. ಹಾಗಾಗಿ ನಾವು 'ಇತರೆ'. ಆ ಖಾನೆಯಲ್ಲಿ ಮೇಷ್ಟ್ರಿದ್ದಾರೆ, ಬ್ಯಾಂಕಿನವರಿದ್ದಾರೆ, ಅರ್ಚಕರು, ಫ್ಯಾಕ್ಟರಿ ಕಾರ್ಮಿಕರು, ಸರ್ಕಾರಿ ನೌಕರರು ಎಲ್ಲ ಇದ್ದಾರೆ. ರಾಜಕೀಯ ಮಾಡುವವರೂ ಅಲ್ಲೇ. ಅಂದರೆ ನೀವೂ ನಾವೂ ಅಕ್ಕಪಕ್ಕ ಕೂತಿದ್ದೇವೆ ಸರ್!

ನೂರಾರು ಎಕರೆಯ ಕಾಫಿ ಎಸ್ಟೇಟನ್ನು ಮನಸ್ಸಲ್ಲಿ ಇಟ್ಟುಕೊಂಡು ಯಾರೋ ಈ ಗೆರೆ ಎಳೆದಿರಬೇಕು ಅಂತ ನನಗನಿಸುತ್ತದೆ. ಆದರೆ ನಮ್ಮ ಕಡೆ ಒಂದು ಎಕರೆ, ಒಂದೂವರೆ ಎಕರೆ ತೋಟದವರೇ ಜಾಸ್ತಿ. ಮನೆಮಂದಿಯೇ ಗೊಬ್ಬರ ಹೊತ್ತು, ಸೊಪ್ಪು ತಂದು ಹಾಕಿ, ಕಳೆ ತೆಗೆದು ಬದುಕುವವರು. ಪಹಣಿಯಲ್ಲಿ ನಾವು ರೈತರು, ಬೆಳೆ ಸಾಲ ಕೊಡುವ ಸೊಸೈಟಿಯಲ್ಲಿ ರೈತರು, ಬೆಳೆ ವಿಮೆಯಲ್ಲೂ ರೈತರು. ಜನಗಣತಿಯವರಿಗೆ ಮಾತ್ರ ಯಾಕೆ ಬೇರೆ ಕಾಣುತ್ತೇವೋ.

ಹೆಸರಲ್ಲೇನಿದೆ ಬಿಡಿ ಅಂತ ನೀವು ಹೇಳಬಹುದು. ಸ್ವಲ್ಪ ಕೇಳಿ. ದೇಶದಲ್ಲಿ 2001ರಲ್ಲಿ ಸುಮಾರು 12.7 ಕೋಟಿ ಇದ್ದ ಸಾಗುವಳಿದಾರರು 2011ಕ್ಕೆ 11.9 ಕೋಟಿ ಆದರು. ರೈತರು ಹೊಲ ಬಿಟ್ಟು ಹೋಗುತ್ತಿದ್ದಾರೆ ಅಂತ ಇದನ್ನಿಟ್ಟುಕೊಂಡು ಎಷ್ಟೋ ಚರ್ಚೆ ಆಯಿತು. ಬಿಟ್ಟು ಹೋದವರು ಖಂಡಿತ ಇದ್ದಾರೆ, ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ನಮ್ಮ ಶಿವಮೊಗ್ಗ, ಚನ್ನಗಿರಿ ಕಡೆ ಒಂದು ಸುತ್ತು ಬಂದು ನೋಡಿ, ಎಷ್ಟು ಗದ್ದೆ ತೋಟ ಆಗಿದೆ. ಅದೇ ಜಾಗ, ಅದೇ ಮನೆಯವರು, ಅದೇ ಸಾಲ. ಭತ್ತದ ಬದಲು ಅಡಿಕೆ ಸಸಿ ಬಂದಿದೆ ಅಷ್ಟೇ. ಕಾಗದದ ಮೇಲೆ ಮಾತ್ರ ಒಬ್ಬ ಸಾಗುವಳಿದಾರ ಕಮ್ಮಿಯಾಗಿ ಒಬ್ಬ 'ಇತರೆ ಕೆಲಸಗಾರ' ಹೆಚ್ಚಾದ. ಅವನು ಮಣ್ಣು ಬಿಟ್ಟು ಎಲ್ಲಿಗೂ ಹೋಗಿಲ್ಲ!

ಯಾವ ಉದ್ಯಮ ಅಂತ ಬೇರೆ ಕೋಡ್ ಹಾಕುತ್ತೇವಲ್ಲ, ಆ ಪಟ್ಟಿಯಲ್ಲಿ ತೋಟದವರು ಸಿಗುತ್ತಾರೆ ಅಂತ ಅಧಿಕಾರಿಗಳು ಹೇಳಬಹುದು. ನಿಜ. ಆದರೆ ಹಳ್ಳಿ ಹಳ್ಳಿಯ ಲೆಕ್ಕದಲ್ಲಿ ಸಿಗುವುದು ಈ ನಾಲ್ಕು ಖಾನೆ ಮಾತ್ರ, ಜನ ಎತ್ತಿ ನೋಡುವುದೂ ಅದನ್ನೇ. ಇನ್ನೊಂದು ವಿಷಯ. ಒಂದು ಊರನ್ನು ಜನಗಣತಿ ಪಟ್ಟಣ ಅಂತ ಕರೆಯಬೇಕಾದರೆ ಜನಸಂಖ್ಯೆ 5000 ಇರಬೇಕು, ಚದರ ಕಿಲೋಮೀಟರಿಗೆ 400 ಜನ ಇರಬೇಕು, ಮುಖ್ಯ ಕೆಲಸಗಾರರಾದ ಗಂಡಸರಲ್ಲಿ ನೂರಕ್ಕೆ 75 ಜನ ಕೃಷಿಯೇತರ ಕೆಲಸದಲ್ಲಿರಬೇಕು. (ಹೌದು, ಗಂಡಸರನ್ನು ಮಾತ್ರ ಲೆಕ್ಕ ಹಿಡಿಯುವುದು.) ಹಾಗಾದರೆ ತೋಟದೂರುಗಳಲ್ಲಿ ಅಡಿಕೆಯವರನ್ನು ಕೃಷಿ ಕಡೆ ಹಾಕುತ್ತಾರಾ, ಕೃಷಿಯೇತರ ಕಡೆಯಾ? ಈ ಪ್ರಶ್ನೆಯನ್ನು ಲೋಕಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆಯಾಗಿಯೇ, ಅಂದರೆ ಮಂತ್ರಿಗಳು ಸದನದಲ್ಲಿ ಬಾಯಲ್ಲೇ ಉತ್ತರ ಕೊಡಬೇಕಾದ ಪ್ರಶ್ನೆಯಾಗಿಯೇ ಕೇಳಿ.

ಇಷ್ಟು ಹೊತ್ತು ಹೇಳಿದ್ದು ನಮ್ಮೆಜಮಾನ್ರ ಕಥೆ. ನನ್ನದು ಇನ್ನೂ ಚಂದ ಇದೆ.

ಮರದಿಂದ ಅಡಿಕೆ ಕೊನೆ (ಗೊಂಚಲು) ಇಳಿಸುವ ಕಾಲದಲ್ಲಿ ನಮ್ಮಲ್ಲಿ ರಾತ್ರಿ ಊಟ ಆದ ಮೇಲೆ ಕೆಲಸ ಶುರು. ಮೆಟ್ಟುಗತ್ತಿ ಮುಂದೆ ಕೂತರೆ ಹಸಿ ಅಡಿಕೆ ಸುಲಿದೂ ಸುಲಿದೂ ಬೆರಳು ಕಪ್ಪಾಗುತ್ತದೆ, ಸೋಪು ಹಾಕಿ ತಿಕ್ಕಿದರೂ ವಾರಗಟ್ಟಲೆ ಹೋಗುವುದಿಲ್ಲ. ಬೆಳಗ್ಗೆ ಹಂಡೆಗೆ ಬೆಂಕಿ ಹಾಕಿ ಬೇಯಿಸಬೇಕು, ಚೊಗರಿನ (ಅಡಿಕೆ ಬೇಯಿಸಿದ ಕೆಂಪು ನೀರಿನ) ಹದ ನೋಡಬೇಕು, ಅಟ್ಟದ ಮೇಲೆ ಹರವಬೇಕು, ಮೋಡ ಕಂಡರೆ ಓಡಿಹೋಗಿ ಮುಚ್ಚಬೇಕು. ಇದರ ಮಧ್ಯೆ ದನ, ಕೊಟ್ಟಿಗೆ, ಡೈರಿಗೆ ಹಾಲು. ಹಿಂದಿನ ಸಲ ಗಣತಿಯವರು ಬಂದಾಗ ನಾನು ಹಿತ್ತಿಲಲ್ಲಿದ್ದೆ. ಪ್ರಶ್ನೆ ನನಗಲ್ಲ, ಇವರಿಗೆ. "ನಿಮ್ಮ ಮನೆಯವರು ಮನೇಲೇ ಇರೋದಲ್ವಾ?" "ಹೂಂ, ಮನೇಲೇ." ಮುಗೀತು. ನಾನು ಕೆಲಸ ಮಾಡದವಳು.

ಬೇಜಾರು ಅಂದರೆ ನಿಯಮ ನನ್ನ ಪರವಾಗಿಯೇ ಇದೆ. ಸಂಬಳ ಇಲ್ಲದಿದ್ದರೂ ಮನೆಯ ಜಮೀನಿನಲ್ಲಿ ದುಡಿದರೆ ಅದು ಕೆಲಸ ಅಂತ 1991ರಿಂದ ಪ್ರಶ್ನೆಯೊಳಗೇ ಬರೆದಿದ್ದಾರೆ. ಮನೆ ಖರ್ಚಿಗೆ ಮಾತ್ರ ಹಾಲು ಕರೆದರೂ 2001ರಿಂದ ಅದು ಕೆಲಸವೇ. ವರ್ಷದಲ್ಲಿ ಆರು ತಿಂಗಳು ಅಥವಾ ಜಾಸ್ತಿ ದುಡಿದರೆ ಮುಖ್ಯ ಕೆಲಸಗಾರರು, ಅದಕ್ಕಿಂತ ಕಮ್ಮಿಯಾದರೆ ಅಲ್ಪಾವಧಿಯವರು. ದನಕ್ಕೆ ರಜೆ ಇಲ್ಲ, ಹಾಗಾಗಿ ನನಗೆ ಹನ್ನೆರಡು ತಿಂಗಳೂ ಲೆಕ್ಕ ಸಿಗಬೇಕು. ಎಲ್ಲ ಸರಿಯಾಗಿದೆ, ಕೇಳುವ ರೀತಿಯೊಂದು ಬಿಟ್ಟು.

ಕೇಳುವ ರೀತಿ ಬದಲಾದರೆ ಏನಾಗುತ್ತದೆ ಅನ್ನುವುದಕ್ಕೆ ಹಳೇ ಉದಾಹರಣೆ ಒಂದಿದೆ. 1961ರಲ್ಲಿ ದೇಶದ ಹೆಂಗಸರಲ್ಲಿ ನೂರಕ್ಕೆ ಸುಮಾರು 28 ಜನ ಕೆಲಸ ಮಾಡುವವರು ಅಂತ ಲೆಕ್ಕ ಬಂದಿತ್ತು. 1971ರಲ್ಲಿ, ನಿಮ್ಮ ಮುಖ್ಯ ಚಟುವಟಿಕೆ ಏನು ಅಂತ ಮೊದಲು ಕೇಳಿದರು. ಮನೆಗೆಲಸ ಅಂತ ಉತ್ತರ ಬಂತು. ಲೆಕ್ಕ ಅರ್ಧದಷ್ಟಕ್ಕೆ ಬಿತ್ತು. ಹತ್ತು ವರ್ಷದಲ್ಲಿ ಅರ್ಧ ಹೆಂಗಸರು ಗದ್ದೆ ಬಿಟ್ಟು ಮನೆಯೊಳಗೆ ಕೂತರು ಅಂತ ನಂಬಲಿಕ್ಕಾಗುತ್ತಾ? ಕರ್ನಾಟಕದಲ್ಲಿ 2011ರ ಲೆಕ್ಕ ಗಂಡಸರಲ್ಲಿ ನೂರಕ್ಕೆ 59, ಹೆಂಗಸರಲ್ಲಿ ಸುಮಾರು 32. ಈ 32ರಲ್ಲಿ ನನ್ನಂಥವರು ಎಷ್ಟು ಜನ ಬಿಟ್ಟುಹೋಗಿದ್ದೇವೋ.

ಬರೀ ಅಡುಗೆ, ಮನೆಗೆಲಸ ಮಾಡುವವರ ವಿಷಯ ಬೇರೆಯೇ ಇದೆ. ಅವರನ್ನು ಭಿಕ್ಷುಕರ, ಕೈದಿಗಳ ಜೊತೆ ಕೆಲಸವಿಲ್ಲದವರ ಸಾಲಿಗೆ ಹಾಕಿದ್ದನ್ನು 2010ರಲ್ಲಿ ಸುಪ್ರೀಂ ಕೋರ್ಟೇ ಟೀಕಿಸಿತ್ತು. ಅದಕ್ಕೆ ಕಾನೂನೇ ಬದಲಾಗಬೇಕೇನೋ, ಇಲ್ಲಿ ಎಳೆಯುವುದಿಲ್ಲ.

ಮುಂದಿನ ಗಣತಿಯಲ್ಲಿ ಜನರ ಎಣಿಕೆ 2027ರ ಫೆಬ್ರವರಿಯಲ್ಲಿ. ಈ ಸಲ ಮೊಬೈಲಿನಲ್ಲಿ ಗಣತಿ, ಮನೆಯವರು ತಾವೇ ತುಂಬಿಕೊಳ್ಳಲೂಬಹುದು. ಒಳ್ಳೇದು. ಆದರೆ ತುಂಬುವವರು ಯಾರು? ಫೋನು ಕೈಯಲ್ಲಿರುವ ಮಗ. ಅವನು ಅಮ್ಮನ ಹೆಸರಿನ ಮುಂದೆ ಸುಮ್ನೆ ಮನೆಗೆಲಸ ಅಂತ ಒತ್ತಿ ಮುಂದೆ ಹೋಗುತ್ತಾನೆ. ಅವನನ್ನು ಬೈದು ಪ್ರಯೋಜನವಿಲ್ಲ, ಆ ಪರದೆಯ ಮೇಲೆ ಕೇಳಬೇಕಾದ್ದನ್ನು ಕೇಳಬೇಕು. ತೋಟಕ್ಕೆ ಹೋಗುತ್ತಾರಾ? ದನ ಸಾಕಿದ್ದಾರಾ? ಹಾಲು ಕರೆಯುತ್ತಾರಾ? ಅಡಿಕೆ ಸುಲಿಯುತ್ತಾರಾ? ವರ್ಷದಲ್ಲಿ ಎಷ್ಟು ತಿಂಗಳು? ಇಷ್ಟಕ್ಕೂ ಹೌದು, ಅಲ್ಲ ಅಂತ ಉತ್ತರ ಬಂದ ಮೇಲೆ ಕೆಲಸ ಮಾಡುತ್ತಾರೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸಲಿ. ಮನೆಬಾಗಿಲಿಗೆ ಬರುವ ಗಣತಿದಾರರಿಗೂ ಇದೇ ತರಬೇತಿ ಕೊಡಲಿ, ಅವರಲ್ಲಿ ಹೆಚ್ಚಿನವರು ಶಾಲೆಯ ಟೀಚರುಗಳೇ, ಹೇಳಿಕೊಟ್ಟರೆ ಮಾಡುತ್ತಾರೆ. ಹೆಂಗಸರ ಕೆಲಸವನ್ನು ಆದಷ್ಟು ಅವರನ್ನೇ ಕರೆದು ಕೇಳಲಿ.

ಅಡಿಕೆ, ತೆಂಗು, ಕಾಫಿಯ ಸಣ್ಣ ಹಿಡುವಳಿದಾರರನ್ನು ಸಾಗುವಳಿದಾರರ ಖಾನೆಗೆ ತನ್ನಿ ಅಂತ ನೀವೆಲ್ಲ ಸೇರಿ ಗೃಹ ಸಚಿವಾಲಯಕ್ಕೆ ಒಂದು ಪತ್ರ ಬರೆಯಿರಿ. ಜನಗಣತಿ ಆಯುಕ್ತರು ಬರುವುದು ಆ ಸಚಿವಾಲಯದ ಕೆಳಗೇ. ಈಗಿನ ಖಾನೆ ಬದಲಿಸಲು ಆಗುವುದೇ ಇಲ್ಲ ಅಂದರೆ ಹಳ್ಳಿವಾರು ಪಟ್ಟಿಯಲ್ಲಿ ತೋಟದ ಬೆಳೆಗಾರರಿಗೆ ಐದನೇ ಖಾನೆ ಕೊಡಿಸಿ. ಉತ್ತರ ಏನು ಬಂತು ಅಂತ ನಮಗೂ ತಿಳಿಸಿ. ಸೊಸೈಟಿಯ ನೋಟಿಸ್ ಬೋರ್ಡಿಗೆ ಹಾಕಿದರೆ ಸಾಕು, ಓದುತ್ತೇವೆ.

ಇಂತಿ,
ಸಾಗರ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರ್ತಿ