ಚಳಿಗಾಲದ ಸ್ನೇಹಿತರು ಹೊರಟ ಮೇಲೆ

ನೀರ್ಚಾಲು,
ಮಾರ್ಚ್ ಕೊನೆಯ ವಾರ

ಪ್ರೀತಿಯ ಮಗಳೇ,

ಫೋನಿನಲ್ಲಿ ನಡೆದದ್ದನ್ನು ಮತ್ತೆ ಬರೆಯುವುದಿಲ್ಲ. ನೀನು ಇಟ್ಟುಬಿಟ್ಟೆ, ನಾನೂ ತಿರುಗಿ ಮಾಡಲಿಲ್ಲ. "ಅವರು ನಿನಗೆ ಯಾರು?" ಅಂತ ಕೇಳಿದ ದನಿ ಸ್ವಲ್ಪ ಜಾಸ್ತಿ ಆಯಿತು ಅಂತ ಅಪ್ಪ ಹೇಳುತ್ತಾರೆ. ದನಿಗೆ ಕ್ಷಮಿಸು. ಪ್ರಶ್ನೆ ಮಾತ್ರ ಹಾಗೇ ಇದೆ.

ವಿಷುವಿಗೆ ಬರುತ್ತೇನೆ ಅಂದಿದ್ದವಳು, ಈಗ ಆ ಡಚ್ ಅಜ್ಜ ಅಜ್ಜಿಯ ವ್ಯಾನಿನಲ್ಲಿ ಸ್ಪೇನ್, ಫ್ರಾನ್ಸ್ ದಾಟಿ ಅವರ ಊರಿನವರೆಗೂ ಹೋಗುತ್ತೇನೆ ಅನ್ನುತ್ತೀ. ನಿನಗಿರುವ ರಜೆಯೇ ಅಷ್ಟು. ಅವರ ಮೇಲೆ ನನಗೆ ಕೋಪ ಇಲ್ಲ, ನಂಬು. ನವೆಂಬರಿನಲ್ಲಿ ಅವರ ಊರಿನ ಚಳಿ ತಪ್ಪಿಸಿಕೊಂಡು ಬಂದವರು. ನೀನು ಪೋರ್ಚುಗಲ್ಲಿನ ಆ ಫಾರೋದಲ್ಲಿ ಯಾರ ಪರಿಚಯವೂ ಇಲ್ಲದೆ ಕೂತಿದ್ದಾಗ ಕರೆದುಕೊಂಡು ಹೋಗಿ ಊರು ತೋರಿಸಿದರು. ತವೀರದ ಉಪ್ಪಿನ ಗದ್ದೆ, ಅದರಲ್ಲಿ ನಿಂತ ಫ್ಲೆಮಿಂಗೊ ಹಕ್ಕಿಗಳು, ಫೆಬ್ರವರಿಯ ಬಾದಾಮಿ ಹೂವು, ಓಲ್ಯಾಂವ್‌ನ ಮೀನು ಮಾರ್ಕೆಟ್ಟು, ಎಲ್ಲಾ ಫೋಟೋ ನೋಡಿದ್ದೇನೆ. ಗ್ವಾದಿಯಾನಾ ನದಿ ದಾಟಿ ಸ್ಪೇನಿನ ದಡ ಮುಟ್ಟಿದರೆ ಗಡಿಯಾರ ಒಂದು ಗಂಟೆ ಮುಂದೆ ಅಂತ ಬರೆದಿದ್ದೆಯಲ್ಲ, ಅಪ್ಪನಿಗೆ ಅದು ಬಹಳ ಹಿಡಿಸಿತು. "ನಮ್ಮ ತಲಪಾಡಿಯಲ್ಲಿ ಗಡಿ ದಾಟಿದರೆ ಬರೀ ಪೆಟ್ರೋಲ್ ರೇಟು ಬದಲಾಗುತ್ತದೆ" ಅಂತ ಬಂದವರಿಗೆಲ್ಲಾ ಹೇಳುತ್ತಾರೆ.

ನನ್ನ ತಲೆಯಲ್ಲಿ ಓಡುತ್ತಿರುವುದು ಬೇರೆ. ಬೊಂಬಾಯಿ ಮಾವನ ಮಕ್ಕಳು ಏಪ್ರಿಲ್ ಕೊನೆಗೆ ಬಂದು ಮಳೆ ಹಿಡಿಯುವ ಮೊದಲು ಹೋಗುತ್ತಿದ್ದರಲ್ಲ, ಆ ದಿನಗಳು. ಅವರಿದ್ದಷ್ಟು ದಿನ ನೀನು ಊಟಕ್ಕೆ ಬಿಟ್ಟರೆ ಮನೆಯೊಳಗೆ ಕಾಲಿಡುತ್ತಿರಲಿಲ್ಲ. ಗುಡ್ಡೆ, ಗೇರುಮರ, ಕೆರೆ, ಸುರಂಗ. ಆ ಸುರಂಗವಂತೂ! ಅಜ್ಜನ ಕಾಲದಲ್ಲಿ ನೀರಿಗಾಗಿ ಮುರಕಲ್ಲಿನ ಗುಡ್ಡೆಗೆ ಅಡ್ಡಲಾಗಿ ಕೊರೆಸಿದ್ದು. ಒಬ್ಬರು ಬಗ್ಗಿ ಹೋಗುವಷ್ಟೇ ಜಾಗ. ಒಳಗೆ ಬಾವಲಿ, ಪಾದ ಮುಳುಗುವಷ್ಟು ತಣ್ಣನೆ ನೀರು. ಕ್ಯಾಂಡಲ್ ಆರಿತು ಅಂದರೆ ಒಳಗೆ ಗಾಳಿ ಇಲ್ಲ, ಕೂಡಲೇ ಹಿಂದೆ ಬನ್ನಿ ಅಂತ ಅಪ್ಪ ಹೇಳಿಕೊಟ್ಟಿದ್ದರು. ಆ ಮಕ್ಕಳಿಗೆ ಹೆದರಿಕೆ ಅನ್ನುವುದೇ ಇರಲಿಲ್ಲ. ಅವರು ಮುಂದೆ, ನೀನು ಹಿಂದೆ.

ಅವರನ್ನು ಕಾಸರಗೋಡು ಸ್ಟೇಷನ್ನಿನಲ್ಲಿ ನೇತ್ರಾವತಿ ರೈಲಿಗೆ ಹತ್ತಿಸಿ ಬಂದ ಮರುದಿನ ನೀನು ಗುಡ್ಡೆ ಹತ್ತಲಿಲ್ಲ. ಅದರ ಮರುದಿನವೂ ಇಲ್ಲ. ಕೊನೆಯ ಗೇರುಹಣ್ಣುಗಳು ಬಿದ್ದಲ್ಲೇ ಕೊಳೆತವು. ನೀರು ತಾ ಅಂತ ಕಳಿಸಿದರೆ ಸುರಂಗದ ಬಾಯಿಯ ಹತ್ತಿರ ಕೊಡಪಾನ ಇಟ್ಟು ಬರಿಗೈಯಲ್ಲಿ ಬಂದೆ. ಯಾಕೆ ಅಂದರೆ, "ಅಲ್ಲಿ ಯಾರೂ ಇಲ್ಲ" ಅಂದೆ. ನೀನು ಹುಟ್ಟಿದಾಗಿನಿಂದ ನೋಡಿದ ಜಾಗ ಅದು! ಬಂದು ಹೋಗುವವರು ಅವರು, ಇರುವವಳು ನೀನು. ಆದರೂ ಅವರು ಹೋದ ಮೇಲೆ ನಮ್ಮದೇ ಅಂಗಳದಲ್ಲಿ ನೀನೇ ನೆಂಟರ ಮಗುವಿನ ಹಾಗೆ ಕೂತಿರುತ್ತಿದ್ದೆ. ಸಣ್ಣವನು ಒಂದು ಚಪ್ಪಲಿ ಬಿಟ್ಟು ಹೋಗಿದ್ದ. ನೀಲಿ ಪಟ್ಟಿಯದು, ಎಡಗಾಲಿನದು. ಅದನ್ನು ಜಗಲಿಯಲ್ಲಿಟ್ಟು ಯಾರಿಗೂ ಮುಟ್ಟಲು ಬಿಡಲಿಲ್ಲ. ಆಟಿಯ ಮಳೆಗೆ ಬೂಷ್ಟು ಹಿಡಿಯಿತು. ನೀನು ಶಾಲೆಗೆ ಹೋದಾಗ ನಾನೇ ಬಿಸಾಡಿದೆ. ಸಂಜೆ ಬಂದು ಹುಡುಕಿದೆ, ಕೇಳಲಿಲ್ಲ. ನಿನಗೆ ನೆನಪಿದೆಯೋ ಇಲ್ಲವೋ. ನಾನು ಅಡಿಕೆ ಸುಲಿಯುತ್ತಾ ನೋಡುತ್ತಿದ್ದೆ.

ಈಗ ಅವರ ವ್ಯಾನು ಹೊರಡುತ್ತದೆ ಅಂದಾಗ ನನಗೆ ಕಂಡದ್ದು ಆ ಚಪ್ಪಲಿ. ತವೀರ ಅಂದರೆ ಅವರು, ಮಾರ್ಕೆಟ್ಟು ಅಂದರೆ ಅವರು, ಕಡಲು ಅಂದರೂ ಅವರೇ. ಅವರಿಲ್ಲದ ಏಪ್ರಿಲ್ ತಿಂಗಳಲ್ಲಿ ನೀನು ಆ ಊರಿನಲ್ಲಿ ಎಲ್ಲಿಗೆ ಹೋಗುತ್ತೀ? ಅವರೂರಿಗೆ ಹೋಗಿ ಬಂದರೂ ಬಂದು ಇಳಿಯಬೇಕಾದ್ದು ಫಾರೋದಲ್ಲೇ ಅಲ್ವಾ?

ಅದಕ್ಕೆ ಹೇಳುತ್ತೇನೆ, ಬೈಯಬೇಡ. ಅವರ ಜೊತೆ ನೋಡಿದ ಜಾಗಕ್ಕೆಲ್ಲಾ ಒಂದೊಂದು ಸಲ ಒಬ್ಬಳೇ ಹೋಗು. ತವೀರಕ್ಕೆ ರೈಲು ಇದೆ, ವ್ಯಾನೇ ಬೇಕಂತಿಲ್ಲ. ಶನಿವಾರ ಓಲ್ಯಾಂವ್‌ಗೆ ಹೋಗಿ ತೋಟದವರ ಹತ್ತಿರ ಒಣ ಅಂಜೂರ ಕೊಳ್ಳು, ಚೌಕಾಸಿ ಮಾಡು. ಪೋರ್ಚುಗೀಸ್ ಕಲಿ. ಅಜ್ಜ ಅಜ್ಜಿಯ ಜೊತೆ ಇಂಗ್ಲಿಷ್ ಸಾಕಾಯಿತು, ಎದುರು ಮನೆಯ ಹೆಂಗಸಿಗೆ ಸಾಕಾಗುವುದಿಲ್ಲ. ನಾವು ಈ ಊರಿನಲ್ಲಿ ಮನೆಯಲ್ಲೊಂದು, ಶಾಲೆಯಲ್ಲೊಂದು, ಬಸ್ಸಿನಲ್ಲಿ ಮಲಯಾಳ, ಅಂಗಡಿಯಲ್ಲಿ ತುಳು ಅಂತ ಬೆಳೆದವರು. ಇನ್ನೊಂದು ಭಾಷೆ ನಿನಗೆ ಯಾವ ಲೆಕ್ಕ? ಆ ದಿನಸಿ ಅಂಗಡಿಯ ನೇಪಾಳಿ ಹುಡುಗನ ಹತ್ತಿರವೂ ಎರಡು ಮಾತಾಡು. ಅವನು ಮಾರ್ಚ್ ಕಳೆಯಿತು ಅಂತ ಎಲ್ಲಿಗೂ ಹೋಗುವವನಲ್ಲ. ಮತ್ತೆ ಆ ಬಂಡೆಯ ಅಂಚಿನಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬೇಡ. 2009ರಲ್ಲಿ ನಿಮ್ಮ ಆಲ್ಗಾರ್ವ್ ಕಡಲತೀರದಲ್ಲೇ, ಮರಿಯಾ ಲೂಯಿಜಾ ಅನ್ನುವಲ್ಲಿ, ಬಂಡೆ ಕುಸಿದು ಐದು ಜನ ಸತ್ತಿದ್ದಾರೆ. ನಾನು ಇಂಥದ್ದನ್ನೆಲ್ಲಾ ಹುಡುಕಿ ಓದುತ್ತೇನೆ ಅಂತ ನೀನು ನಗುತ್ತೀ. ನಗು. ನೋಡು, ಟೀಚರಮ್ಮ ಆಗಿಬಿಟ್ಟೆ.

ಮೊನ್ನೆ ರೇಷನ್ ಅಂಗಡಿಯಲ್ಲಿ "ಮಗಳಿಗೆ ಅಲ್ಲಿ ಏನು ಕೆಲಸ?" ಅಂತ ಕೇಳಿದರು. ಕಡಲಕುದುರೆ ಎಣಿಸುತ್ತಾಳೆ ಅಂದೆ. ರಿಯಾ ಫರ್ಮೋಜಾ ಹಿನ್ನೀರಿನಲ್ಲಿ ಮೊದಲು ಎಷ್ಟೊಂದು ಇದ್ದವು, ಈಗ ಎಷ್ಟು ಕಡಿಮೆಯಾದವು, ಅವಕ್ಕೆ ಹಿಡಿದುಕೊಳ್ಳಲು ಕಡಲಹುಲ್ಲು ಬೇಕು ಅಂತ ನೀನು ಹೇಳಿದ್ದನ್ನೆಲ್ಲಾ ಹೇಳಿದೆ. ಗಂಡೇ ಮರಿ ಹೊರುವುದು ಅಂದಾಗ ಸಾಲಿನಲ್ಲಿದ್ದ ಹೆಂಗಸರೆಲ್ಲಾ ನಕ್ಕರು. ಅಂಗಡಿಯವನು ನಂಬಲೇ ಇಲ್ಲ. ನನಗೆ ಎಷ್ಟು ಹೆಮ್ಮೆಯಾಯಿತು ಅಂದರೆ ಸಕ್ಕರೆ ಬಿಟ್ಟು ಬಂದೆ.

ಇನ್ನೊಂದು ವಿಷಯ. ಮನೆ ಮಾಡಿನ ಚಿಮಣಿ ಮೇಲೆ ಗೂಡು ಕಟ್ಟುವ ಬಿಳಿ ಕೊಕ್ಕರೆಗಳು ಹಿಂದೆ ಚಳಿಗೆ ಆಫ್ರಿಕಾಕ್ಕೆ ಹೋಗುತ್ತಿದ್ದವು, ಈಗ ಕಸದ ರಾಶಿಯಲ್ಲಿ ತಿನ್ನಲು ಸಿಗುತ್ತದೆ ಅಂತ ಬಹಳಷ್ಟು ಅಲ್ಲೇ ಉಳಿದಿವೆ ಅಂದಿದ್ದೆ. ನೀನು ತಮಾಷೆಗೆ ಹೇಳಿದ್ದು. ನನಗೆ ನಿದ್ದೆ ಬರಲಿಲ್ಲ. ನೀನು ಅಲ್ಲಿ ಒಬ್ಬಳೇ ಆಗುತ್ತೀ ಅಂತಲೂ ಹೆದರಿಕೆ, ಚೆನ್ನಾಗಿ ಬೇರು ಬಿಡುತ್ತೀ ಅಂತಲೂ ಹೆದರಿಕೆ. ಎರಡೂ ಒಟ್ಟಿಗೆ ಹೇಗಮ್ಮ ಅಂತ ಕೇಳಬೇಡ.

ಹೋಗುವುದಾದರೆ ಹೋಗಿ ಬಾ. ವಿಷು ಕಣಿ ಇಟ್ಟಾಗ ವಿಡಿಯೋ ಕಾಲ್ ಮಾಡುತ್ತೇನೆ, ನಿಮ್ಮಲ್ಲಿ ನಡುರಾತ್ರಿ ಆಗಿದ್ದರೂ ಎತ್ತಬೇಕು. ಈ ಭಾನುವಾರ ನಿಮ್ಮ ಗಡಿಯಾರ ಮುಂದೆ ಹೋಗುತ್ತದಂತೆ. ಹಾಗಾದರೆ ಇನ್ನು ನಮಗೂ ನಿಮಗೂ ನಾಲ್ಕೂವರೆ ಗಂಟೆಯಷ್ಟೇ ವ್ಯತ್ಯಾಸ.

ಅಪ್ಪ ಒಂದು ಮಾತು ಬರೆಯಲು ಹೇಳಿದರು. ಮುಂದಿನ ಚಳಿಗಾಲಕ್ಕೆ ಆ ಅಜ್ಜ ಅಜ್ಜಿ ಪೋರ್ಚುಗಲ್ ಬಿಟ್ಟು ಒಂದು ತಿಂಗಳು ಇಲ್ಲಿಗೆ ಬರಲಿ. ಡಿಸೆಂಬರಿನಲ್ಲಿ ಯಕ್ಷಗಾನ ಮೇಳಗಳು ತಿರುಗಾಟದಲ್ಲಿರುತ್ತವೆ, ಬೇಕಲ ಕೋಟೆಯೂ ನೋಡಬಹುದು. ನಾನು ಬೇಡ ಅನ್ನಲಿಲ್ಲ. ಮಹಡಿಯ ಮೆಟ್ಟಿಲು ಸ್ವಲ್ಪ ಕಡಿದಾಗಿದೆ. ಅವರ ಮಂಡಿ ಹೇಗಿದೆ, ಖಾರ ಎಷ್ಟು ತಿನ್ನುತ್ತಾರೆ, ಕೇಳಿ ತಿಳಿಸು.

ನಿನ್ನ
ಅಮ್ಮ