ಪಾಸ್ಟರ್ ಮನೆತನದ ದಾಖಲೆ ಹುಡುಕೋರಿಗೆ

ಎಲ್ಲರಿಗೂ ನಮಸ್ಕಾರ್ರೀ. ನಿವೃತ್ತ ಪಾಸ್ಟರ್ ಅವರ ಮಕ್ಕಳೆಲ್ಲರ ಹೆಸರು ಒಂದೇ ಸಭೆಯ (ಚರ್ಚಿನ) ರಿಜಿಸ್ಟರಿನ್ಯಾಗ ಸಿಗೂದು ಅಪರೂಪ. ಅವರು ವರ್ಗವಾದ ಊರೂರಲ್ಲೂ ನೋಡಬೇಕು. ಯಾವ ವರ್ಷ ಯಾವ ಊರು ಅಂತ ಮೊದಲು ಹಾಳೆ ಮೇಲೆ ಬರಕೊಳ್ರಿ. ಅದನ್ನ ಪಾಸ್ಟರ್ ಅವರ ಹೆಂಡತಿ ಅಮ್ಮಾವರಿಗೂ ಕೇಳ್ರಿ, ಮಕ್ಕಳು ಹುಟ್ಟಿದ ಊರು ಅವರಿಗೆ ಚಲೋ ನೆನಪಿರ್ತದ. ಇಲ್ಲಿ ಸಭೆಗಳನ್ನ ಕಟ್ಟಿದ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ ಧಾರವಾಡಕ್ಕೆ ಬಂದದ್ದು 1837, ಹುಬ್ಬಳ್ಳಿಗೆ 1839, ಬೆಟಗೇರಿಗೆ 1841; ಅದಕ್ಕಿಂತ ಹಿಂದಿನ ರಿಜಿಸ್ಟರ್ ಪುಸ್ತಕ ಕೇಳಬ್ಯಾಡ್ರಿ.

ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ತಾರೀಖನ್ನೇ ಹುಟ್ಟಿದ ತಾರೀಖು ಅಂತ ತಿಳಕೊಂಡರ ಎಡವಟ್ಟಾಗ್ತದ, ಎರಡೂ ಕಾಲಂ ನೋಡ್ರಿ. ಅಡ್ಡಹೆಸರಿನ ಸ್ಪೆಲ್ಲಿಂಗ್ ಬದಲಾಗಿರಬಹುದು, ತಂದೆ-ತಾಯಿ ಇಬ್ಬರ ಹೆಸರೂ ತಾಳೆ ಹಾಕ್ರಿ. ಫೋಟೋ ಪೂರ್ತಿ ಪುಟದ್ದು, ಪುಟದ ನಂಬರ್ ಸಮೇತ. ಹರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚಲೇಬ್ಯಾಡ್ರಿ; ಅಂಟು ಹಳದಿಯಾಗಿ ಅಕ್ಷರಾನ ಮುಚ್ಚತದ.